ಶ್ವಾಸಕೋಶರೋಗ ಪರೀಕ್ಷೆಯಲ್ಲಿ ಪ್ರಶ್ನಾವಳಿ: ಒಂದು ಐತಿಹಾಸಿಕ ವಿವೇಚನೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಉಪಕರಣಗಳ ಚರಿತ್ರೆಯನ್ನೇ ಬರೆಯುತ್ತಾರೆ. ಎದೆಯ ರೋಗಗಳ ವಿಷಯದಲ್ಲಂತೂ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. 1816ರಲ್ಲಿ ಪ್ಯಾರಿಸ್ ನಗರದ ಲೆನೆಕ್ ಎಂಬ ವೈದ್ಯನು ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಹಚ್ಚಿ ಕಿವಿಗೊಟ್ಟದ್ದು, ಜಾನ್ ಹಚಿನ್‌ಸನ್ ಎಂಬ ಆಂಗ್ಲವೈದ್ಯನು ಎರಡು ಸಾವಿರಕ್ಕೂ ಮೇಲ್ಪಟ್ಟ ಜನರಿಂದ ತನ್ನ ಶ್ವಾಸಮಾಪಕಕ್ಕೆ ಉಸಿರೂದಿಸಿ 1846ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದ್ದು, 1895ರಲ್ಲಿ ರಾಂಟ್‌ಜನ್ನನು ಕ್ಷ-ಕಿರಣಗಳನ್ನು ಕಂಡದ್ದು, ಇವು ಮೂರೂ ಎಲ್ಲ ಪಠ್ಯಗಳಲ್ಲಿಯೂ ಉಂಟು. ಆದರೆ ಹಿತ್ತಾಳೆಯಾಗಲಿ ಗಾಜಾಗಲಿ ಇಲ್ಲದ, ಬರಿಯ ಕಾಗದ ಮತ್ತು ಮಾತುಗಳಿಂದಾದ ಇನ್ನೊಂದು ಉಪಕರಣ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಹುಟ್ಟಿತು. ಅದು ಪ್ರಶ್ನಾವಳಿ. ದೀರ್ಘಕಾಲದ ಶ್ವಾಸಕೋಶರೋಗಿಗಳ ಸ್ಥಿತಿಯನ್ನು ಅಳೆಯಲು ಅದು ಹೇಗೆ ರೂಪುಗೊಂಡಿತು, ಅದಕ್ಕೆ ಎದುರಾದ ಆಕ್ಷೇಪಗಳೇನು, ಅದು ಎಲ್ಲಿ ಗೆದ್ದಿತು ಮತ್ತು ಎಲ್ಲಿ ಎಡವಿತು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗುವುದು.

ರೋಗಿಯನ್ನು ಕೇಳಿ ತಿಳಿಯುವುದು ಹೊಸ ಸಂಗತಿಯೇನೂ ಅಲ್ಲ. ದರ್ಶನ, ಸ್ಪರ್ಶನ, ಪ್ರಶ್ನ ಎಂಬ ತ್ರಿವಿಧ ಪರೀಕ್ಷೆಯನ್ನು ನಮ್ಮ ಆಯುರ್ವೇದವು ಬಹು ಹಿಂದೆಯೇ ಹೇಳಿದೆ. ಶ್ವಾಸರೋಗವನ್ನು ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಐದು ಬಗೆಯಾಗಿ ವಿಂಗಡಿಸಿದ ಚರಕಸಂಹಿತೆಯು, ಆಯಾಸದಿಂದ ಉಂಟಾಗುವ ಏದುಸಿರನ್ನು ಕ್ಷುದ್ರಶ್ವಾಸವೆಂದು ಬೇರೆಯಿಟ್ಟು ಅದಕ್ಕೆ ಹೆಚ್ಚು ಗಮನ ಕೊಡಬೇಕಾಗಿಲ್ಲವೆಂದು ಎಣಿಸಿತು. ಎಷ್ಟು ಶ್ರಮಕ್ಕೆ ಎಷ್ಟು ಏದುಸಿರು ಸಹಜ, ಎಲ್ಲಿಂದಾಚೆಗೆ ಅದು ರೋಗ ಎಂಬ ಪ್ರಶ್ನೆಯ ಬೀಜ ಇಲ್ಲಿಯೇ ಇದೆ. ಆದರೆ ಕೇಳುವುದಕ್ಕೂ ಅಳೆಯುವುದಕ್ಕೂ ಅಂತರವುಂಟು. ಒಬ್ಬ ವೈದ್ಯನು ಒಬ್ಬ ರೋಗಿಯನ್ನು ಕೇಳುವಾಗ ಮಾತು ಎತ್ತ ಬೇಕಾದರೂ ಹರಿಯಬಹುದು. ಸಾವಿರ ಜನರನ್ನು ಹತ್ತು ಮಂದಿ ಕೇಳಿ ಉತ್ತರಗಳನ್ನು ಕೂಡಿಸಬೇಕಾದಾಗ ಆ ಸ್ವಾತಂತ್ರ್ಯವೇ ದೋಷವಾಗುತ್ತದೆ. ಈ ಅರಿವು ಮೂಡಿದ್ದು ಆಸ್ಪತ್ರೆಯಲ್ಲಲ್ಲ, ದಕ್ಷಿಣ ವೇಲ್ಸಿನ ಕಲ್ಲಿದ್ದಲ ಗಣಿಗಳ ಸುತ್ತಮುತ್ತ.

ಕಲ್ಲಿದ್ದಲ ಧೂಳನ್ನು ವರ್ಷಗಟ್ಟಲೆ ಉಸಿರಾಡಿದ ಗಣಿಗಾರರ ಶ್ವಾಸಕೋಶಗಳಲ್ಲಿ ಧೂಳುರೋಗವುಂಟಾಗುತ್ತದೆಂಬುದನ್ನು ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯ ಪರವಾಗಿ ಡಾರ್ಸಿ ಹಾರ್ಟ್ ಮತ್ತು ಆಸ್ಲೆಟ್ ಎಂಬವರು 1930ರ ದಶಕದ ಕೊನೆಯಿಂದ ಶೋಧಿಸಿ 1942ರಲ್ಲಿ ವರದಿ ಮಾಡಿದರು. ಅದರ ಬೆನ್ನಲ್ಲೇ 1943ರಲ್ಲಿ ಪರಿಹಾರಧನದ ಯೋಜನೆ ಜಾರಿಗೆ ಬಂದಿತು. ಆದರೆ ಆ ಯೋಜನೆಯಲ್ಲಿ ಒಂದು ಕ್ರೂರವಾದ ತೊಡಕಿತ್ತು. ರೋಗವುಂಟೆಂದು ಪ್ರಮಾಣಪತ್ರ ದೊರೆತವನು ಗಣಿಯ ಕೆಲಸವನ್ನು ಬಿಡಬೇಕಾಗಿತ್ತು. ಗಣಿಯೊಂದನ್ನುಳಿದು ಬೇರೆ ಉದ್ಯೋಗವಿಲ್ಲದ ಆ ಕಣಿವೆಗಳಲ್ಲಿ ಸಾವಿರಾರು ಗಂಡಸರು ಹೀಗೆ ಮನೆ ಸೇರಿದರು. ಕ್ಷ-ಕಿರಣ ಚಿತ್ರದಲ್ಲಿ ಕಲೆಗಳಿದ್ದರೂ ಲವಲವಿಕೆಯಿಂದ ಓಡಾಡುವವರಿದ್ದರು. ಚಿತ್ರ ಹೆಚ್ಚು ಕೆಡದಿದ್ದರೂ ನೂರು ಹೆಜ್ಜೆ ಇಡಲಾರದವರಿದ್ದರು. ಯಾವನ ಮಾತನ್ನು ನಂಬಬೇಕು? ಹಣವೂ ಕೂಲಿಯೂ ಒಂದು ದೂರಿನ ಮೇಲೆ ನಿಂತಿರುವಾಗ ಆ ದೂರನ್ನು ಸಾಕ್ಷ್ಯವೆಂದು ಎಣಿಸಬಹುದೇ? ಪ್ರಶ್ನಾವಳಿಯ ಇತಿಹಾಸದ ತಿರುಳು ಈ ಪ್ರಶ್ನೆಯಲ್ಲಿದೆ.

ಇಲ್ಲಿ ನಮ್ಮ ನಾಡಿನ ಒಂದು ಸಂಗತಿಯನ್ನು ಸ್ಮರಿಸುವುದು ಅಪ್ರಸ್ತುತವಾಗಲಾರದು. ಇದೇ ಕಾಲದಲ್ಲಿ, 1940ರಿಂದ 1946ರವರೆಗೆ, ಕೋಲಾರದ ಚಿನ್ನದ ಗಣಿಗಳಲ್ಲಿ ಏಳು ಸಾವಿರಕ್ಕೂ ಮೇಲ್ಪಟ್ಟ ಕೆಲಸಗಾರರ ಪರೀಕ್ಷೆ ನಡೆದು, ಐವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಗೆ ಸಿಲಿಕಾ ಧೂಳಿನಿಂದಾದ ರೋಗವಿತ್ತೆಂದು ತಿಳಿದುಬಂದಿತು. ಭಾರತದಲ್ಲಿ ಸಿಲಿಕೋಸಿಸ್ ರೋಗದ ಚರಿತ್ರೆ ಆರಂಭವಾಗುವುದೇ ಈ ವರದಿಯಿಂದ. ಕೆಲಸಗಾರನು ಗಣಿಯಿಂದ ಮೇಲೆ ಬಂದಮೇಲೆ ಎಷ್ಟು ದೂರ ನಡೆಯಬಲ್ಲನು, ರಾತ್ರಿ ಹೇಗೆ ಮಲಗುತ್ತಾನೆ ಎಂಬುದನ್ನು ಒಂದೇ ಬಗೆಯ ಮಾತುಗಳಲ್ಲಿ ಎಲ್ಲರನ್ನೂ ಕೇಳುವ ಸಾಧನವು ಆಗ ಲೋಕದಲ್ಲಿ ಎಲ್ಲಿಯೂ ಸಿದ್ಧವಾಗಿರಲಿಲ್ಲ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದುವು.

ದಕ್ಷಿಣ ವೇಲ್ಸಿನಲ್ಲಿ 1945ರಲ್ಲಿ ಸಂಶೋಧನ ಮಂಡಲಿಯು ಧೂಳುರೋಗಕ್ಕಾಗಿಯೇ ಒಂದು ಕೇಂದ್ರವನ್ನು ಕಾರ್ಡಿಫ್ ನಗರದ ಬಳಿಯ ಲಾಂಡೋ ಆಸ್ಪತ್ರೆಯಲ್ಲಿ ತೆರೆಯಿತು. ಅದರ ನಿರ್ದೇಶಕ ಚಾರ್ಲ್ಸ್ ಫ್ಲೆಚರ್. ಆಗ ಇವರಿಗೆ ಮೂವತ್ತನಾಲ್ಕು ವರ್ಷದ ಆಸುಪಾಸು. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸಿನವನಿಗೆ ಪೆನಿಸಿಲಿನ್ ಮದ್ದನ್ನು ಕೊಟ್ಟ ಕೈ ಇವರದೇ. ಮುಂದೆ 1962ರಲ್ಲಿ ಧೂಮಪಾನದ ಹಾನಿಯನ್ನು ಕುರಿತು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಹೊರತಂದ ಸುಪ್ರಸಿದ್ಧ ವರದಿಯ ಹಿಂದೆಯೂ ಇವರ ದುಡಿಮೆಯಿತ್ತು. ಇಂತಹ ವಿಸ್ತಾರವಾದ ಜೀವನದಲ್ಲಿ ಒಂದು ಸಣ್ಣ ಚೀಟಿಯಷ್ಟರ ಕೃತಿಯು ಅವರ ಹೆಸರನ್ನು ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿಟ್ಟಿದೆ. ಗಣಿಗಾರರ ಉಸಿರಾಟದ ತೊಂದರೆಯನ್ನು ಐದು ಮೆಟ್ಟಿಲುಗಳಾಗಿ ವಿಂಗಡಿಸುವ ಶ್ರೇಣಿಯೇ ಆ ಕೃತಿ. 1940ರ ದಶಕದಲ್ಲಿ ಕೇಂದ್ರದೊಳಗೆ ರೂಪುಗೊಂಡ ಅದು 1952ರಲ್ಲಿ ಅಚ್ಚಾಯಿತು. 1959ರಲ್ಲಿ, ಫ್ಲೆಚರ್ ಮತ್ತು ಸಂಗಡಿಗರ ಮತ್ತೊಂದು ಲೇಖನದಲ್ಲಿ, ಇಂದಿಗೂ ಬಳಕೆಯಲ್ಲಿರುವ ರೂಪಕ್ಕೆ ಬಂದಿತು.

ಶ್ರೇಣಿಯ ಸ್ವರೂಪ ಇಷ್ಟೆ. ಬಲವಾದ ಶ್ರಮ ಮಾಡಿದಾಗ ಮಾತ್ರ ಏದುಸಿರು ಬರುವವನು ಒಂದನೆಯ ಮೆಟ್ಟಿಲಿನವನು. ಸಮನೆಲದಲ್ಲಿ ಅವಸರದಿಂದ ನಡೆದಾಗ ಅಥವಾ ಸಣ್ಣ ಏರನ್ನು ಹತ್ತಿದಾಗ ಏದುವವನು ಎರಡನೆಯವನು. ಸಮನೆಲದಲ್ಲಿಯೂ ಇತರರಿಗಿಂತ ನಿಧಾನವಾಗಿ ನಡೆಯುವವನು, ಅಥವಾ ತನ್ನದೇ ನಡಿಗೆಯಲ್ಲಿ ಒಂದು ಮೈಲಿಯಷ್ಟರಲ್ಲಿ ನಿಲ್ಲಬೇಕಾದವನು ಮೂರನೆಯವನು. ನೂರು ಗಜದಷ್ಟು ನಡೆದು ನಿಲ್ಲುವವನು ನಾಲ್ಕನೆಯವನು. ಮನೆ ಬಿಟ್ಟು ಹೊರಡಲಾರದವನು, ಬಟ್ಟೆ ಕಳಚುವಷ್ಟಕ್ಕೇ ಉಸಿರು ಸಾಲದವನು ಐದನೆಯವನು. ವಾಚಕರು ಒಂದು ಅಂಶವನ್ನು ಗಮನಿಸಬೇಕು. ಹೆಸರು ಏದುಸಿರಿನ ಶ್ರೇಣಿಯೆಂದಿದ್ದರೂ ಇದು ಅಳೆಯುವುದು ಏದುಸಿರನ್ನಲ್ಲ, ಏದುಸಿರಿನಿಂದ ಕೈಬಿಟ್ಟ ಬದುಕನ್ನು. ಉಸಿರು ಎಷ್ಟು ಸಂಕಟಕರವೆಂದು ಅದು ಕೇಳುವುದಿಲ್ಲ. ಎಲ್ಲಿಗೆ ಹೋಗುವುದು ನಿಂತಿತು ಎಂದು ಕೇಳುತ್ತದೆ. ದಿನದಿನಕ್ಕೆ ನಡಿಗೆಯನ್ನು ಕುಗ್ಗಿಸಿಕೊಂಡು, ಏರುದಾರಿಯನ್ನು ತಪ್ಪಿಸಿ, ಕೊನೆಗೆ ಜಗಲಿಯಲ್ಲಿ ಕುಳಿತವನನ್ನು ‘ಏದುಸಿರು ಬರುತ್ತದೆಯೇ’ ಎಂದರೆ ‘ಇಲ್ಲ’ ಎಂದಾನು. ಫ್ಲೆಚರ್ ಅವರ ಜಾಣತನವು ಇಲ್ಲಿದೆ.

ಇಷ್ಟರಲ್ಲಿ ಆ ಕೇಂದ್ರವನ್ನು 1948ರಲ್ಲಿ ಸೇರಿದ ಆರ್ಚಿ ಕಾಕ್ರೇನ್ ಇನ್ನೊಂದು ಕಡೆಯಿಂದ ಸಮಸ್ಯೆಯನ್ನು ಕೆದಕಿದರು. ಸ್ಪೇನ್ ದೇಶದ ಅಂತರ್ಯುದ್ಧದಲ್ಲಿ ಸೇವೆ ಮಾಡಿ, ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಾಳಾಗಿ ಸೆರೆಶಿಬಿರಗಳಲ್ಲಿಯೇ ವೈದ್ಯವೃತ್ತಿ ನಡೆಸಿದ್ದ ಈ ಸ್ಕಾಟಿಷ್ ಮನುಷ್ಯನಿಗೆ ವೈದ್ಯರ ಆತ್ಮವಿಶ್ವಾಸದಲ್ಲಿ ಅಂಥ ನಂಬಿಕೆಯಿರಲಿಲ್ಲ. ಚಾಪ್‌ಮನ್ ಮತ್ತು ಸಂಖ್ಯಾಶಾಸ್ತ್ರಜ್ಞ ಓಲ್ಡ್‌ಹ್ಯಾಮ್ ಅವರೊಡನೆ 1951ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಪುಟ್ಟ ಲೇಖನದ ವಿಷಯ, ರೋಗಿಯ ವೃತ್ತಾಂತವನ್ನು ತೆಗೆದುಕೊಳ್ಳುವಲ್ಲಿ ವೀಕ್ಷಕರಿಂದಾಗುವ ತಪ್ಪುಗಳು. ಒಂದೇ ಗಣಿಗಾರರ ಸಮೂಹವನ್ನು ಬೇರೆ ಬೇರೆ ವೈದ್ಯರು ಕೇಳಿದಾಗ ಕೆಮ್ಮು, ಕಫ, ಏದುಸಿರು, ಎದೆನೋವು ಎಷ್ಟು ಮಂದಿಗೆ ಇದೆಯೆಂಬ ಲೆಕ್ಕವು ವೈದ್ಯನಿಂದ ವೈದ್ಯನಿಗೆ ಬಹುವಾಗಿ ಬದಲಾಯಿತು. ಗಣಿಗಾರರು ಬದಲಾಗಿರಲಿಲ್ಲ, ಕೇಳುವವರು ಬದಲಾಗಿದ್ದರು. ಮರುವರ್ಷ ಫ್ಲೆಚರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎದೆಯನ್ನು ಮುಟ್ಟಿ ತಟ್ಟಿ ಆಲಿಸುವ ಪರೀಕ್ಷೆಯಲ್ಲಿಯೂ ಅನುಭವಿಗಳಾದ ವೈದ್ಯರು ಪರಸ್ಪರ ಒಪ್ಪುವುದಿಲ್ಲವೆಂದು ತೋರಿಸಿದರು. ಈ ಎರಡು ಲೇಖನಗಳ ಜಂಟಿ ಪರಿಣಾಮ ಗಂಭೀರವಾದದ್ದು. ರೋಗಿಯ ಮಾತು ನಂಬಲರ್ಹವಲ್ಲವೆಂದು ವೈದ್ಯರು ಹೇಳುತ್ತಿದ್ದರು. ನಂಬಲರ್ಹವಲ್ಲದ್ದು ವೈದ್ಯರ ಕಿವಿಯೆಂದು ಈಗ ಗೊತ್ತಾಯಿತು.

ಈ ಹೊತ್ತಿಗೆ ಗಣಿಯ ಪ್ರಶ್ನೆ ನಗರದ ಪ್ರಶ್ನೆಯಾಗಿ ಬೆಳೆಯಿತು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನ ಮೇಲೆ ಕವಿದ ಹೊಗೆಮಂಜು ಆಗಿನ ಲೆಕ್ಕದಂತೆ ಸುಮಾರು 4,000 ಜನರನ್ನು ಬಲಿತೆಗೆದುಕೊಂಡಿತು. ನಂತರದ ವಿದ್ವಾಂಸರು ಈ ಸಂಖ್ಯೆಯನ್ನು 12,000ದವರೆಗೂ ಏರಿಸಿದ್ದಾರೆ. ಸತ್ತವರಲ್ಲಿ ಬಹುಮಂದಿ ಹಳೆಯ ಎದೆರೋಗದವರು. 1956ರಲ್ಲಿ ವಾಯುಶುದ್ಧಿಯ ಶಾಸನ ಬಂದಿತು. ಆದರೆ ವಿದ್ವಾಂಸರಿಗೆ ಒಂದು ತಲೆನೋವು ಉಳಿಯಿತು. ದೀರ್ಘಕಾಲದ ಶ್ವಾಸನಾಳದ ಉರಿಯೂತವೆಂದು, ಅಂದರೆ ಕ್ರಾನಿಕ್ ಬ್ರಾಂಕೈಟಿಸ್ ಎಂದು, ಬ್ರಿಟಿಷ್ ವೈದ್ಯರು ಮರಣಪತ್ರದಲ್ಲಿ ಧಾರಾಳವಾಗಿ ಬರೆಯುತ್ತಿದ್ದರು. ಅಂಥದೇ ರೋಗಿಯನ್ನು ಕಂಡು ಅಮೆರಿಕದ ವೈದ್ಯರು ಎಂಫಿಸೀಮ ಎಂದು ಬರೆಯುತ್ತಿದ್ದರು. ಹೆಸರುಗಳೇ ಬೇರೆಯಾದಾಗ ದೇಶದೇಶಗಳ ಹೋಲಿಕೆ ಹೇಗೆ? 1958ರಲ್ಲಿ ಲಂಡನ್ನಿನಲ್ಲಿ ಸೀಬಾ ಪ್ರತಿಷ್ಠಾನದ ಆಶ್ರಯದಲ್ಲಿ ಸೇರಿದ ಗೋಷ್ಠಿಯು ಪರಿಭಾಷೆಯನ್ನು ಹದಕ್ಕೆ ತರಲೆತ್ನಿಸಿತು. ಕೊನೆಗೆ ನೆಲೆನಿಂತ ವ್ಯಾಖ್ಯೆಯ ಪ್ರಕಾರ, ವರ್ಷದಲ್ಲಿ ಕನಿಷ್ಠ ಮೂರು ತಿಂಗಳು ಬಹುಪಾಲು ದಿನಗಳಲ್ಲಿ ಕಫದೊಡನೆ ಕೆಮ್ಮು, ಹಾಗೆ ಒಂದಾದ ಮೇಲೊಂದು ಎರಡು ವರ್ಷ ಇದ್ದರೆ ಅದು ಕ್ರಾನಿಕ್ ಬ್ರಾಂಕೈಟಿಸ್. ಒಂದು ರೋಗವನ್ನು ಸೂಕ್ಷ್ಮದರ್ಶಕದಿಂದಲ್ಲ, ಕ್ಷ-ಕಿರಣದಿಂದಲ್ಲ, ಪ್ರಶ್ನೆಗೆ ಬಂದ ಉತ್ತರದಿಂದ ನಿರೂಪಿಸಿದ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ವಿರಳ.

ವ್ಯಾಖ್ಯೆಯು ಪ್ರಶ್ನೆಯ ಮೇಲೆ ನಿಂತಮೇಲೆ ಪ್ರಶ್ನೆಯ ಮಾತುಗಳು ಅಚ್ಚಿನ ಮೊಳೆಯಂತೆ ಸ್ಥಿರವಾಗಲೇಬೇಕು. ಫೇರ್‌ಬೇರ್ನ್, ವುಡ್ ಮತ್ತು ಫ್ಲೆಚರ್ 1959ರಲ್ಲಿ ಪ್ರಕಟಿಸಿದ ಅಧ್ಯಯನವು ಇಂತಹ ಪ್ರಶ್ನೆಗಳಿಗೆ ಬರುವ ಉತ್ತರಗಳ ಚಂಚಲತೆಯನ್ನೇ ವಸ್ತುವಾಗಿ ತೆಗೆದುಕೊಂಡಿತು. 1960ರಲ್ಲಿ ವೈದ್ಯಕೀಯ ಸಂಶೋಧನ ಮಂಡಲಿಯ ಪ್ರಮಾಣೀಕೃತ ಪ್ರಶ್ನಾವಳಿ ಹೊರಬಿದ್ದಿತು. ಚಳಿಗಾಲದಲ್ಲಿ ಬೆಳಿಗ್ಗೆ ಎದ್ದೊಡನೆ ಸಾಮಾನ್ಯವಾಗಿ ಕೆಮ್ಮು ಬರುತ್ತದೆಯೇ ಎಂದು ಆರಂಭವಾಗಿ, ಕಫ, ಏದುಸಿರು, ಎದೆಯ ಸಿಳ್ಳುಸದ್ದು, ಹಿಂದಿನ ಎದೆರೋಗಗಳು, ಹೊಗೆಸೊಪ್ಪಿನ ಅಭ್ಯಾಸ ಎಂದು ಅದು ಮುಂದುವರಿಯುತ್ತದೆ. ಪ್ರಶ್ನೆಗಳಿಗಿಂತ ಕೇಳುವವನಿಗೆ ಕೊಟ್ಟ ಸೂಚನೆಗಳು ಹೆಚ್ಚು ಸ್ವಾರಸ್ಯಕರ. ಅಚ್ಚಾದಂತೆಯೇ ಓದಬೇಕು, ತನ್ನ ಮಾತು ಸೇರಿಸಕೂಡದು, ಚುಟುಕಾದ ವಿವರಣೆಯ ಬಳಿಕವೂ ಉತ್ತರ ಹೌದೋ ಅಲ್ಲವೋ ಎಂದು ಸಂದೇಹವುಳಿದರೆ ‘ಇಲ್ಲ’ ಎಂದೇ ಬರೆದುಕೊಳ್ಳಬೇಕು. ಒಳ್ಳೆಯ ವೈದ್ಯನಲ್ಲಿ ನಾವು ಮೆಚ್ಚುವ ಗುಣಗಳಿಗೆ, ಅಂದರೆ ಮಾತಿಗೆ ಮಾತು ಬೆಳೆಸುವುದು, ಅನುಮಾನವಿದ್ದಲ್ಲಿ ರೋಗಿಯ ಪಕ್ಷ ವಹಿಸುವುದು ಮುಂತಾದವಕ್ಕೆ, ಇದು ನೇರ ವಿರೋಧ. ಚಿಕಿತ್ಸಾಲಯದ ಬುದ್ಧಿಯನ್ನು ಬಾಗಿಲಲ್ಲೇ ಬಿಟ್ಟು ಬಾ ಎಂದಂತೆ. ಈ ಶಿಸ್ತಿನ ಬೆಲೆಯೇನೆಂದು ಕೆಲವೇ ವರ್ಷಗಳಲ್ಲಿ ಕಂಡುಬಂದಿತು. ಹಾಲಂಡ್ ಮತ್ತು ರೀಡ್ ಎಂಬ ವಿದ್ವಾಂಸರು ಲಂಡನ್ನಿನ ಅಂಚೆಯ ವ್ಯಾನುಚಾಲಕರನ್ನೂ ಗ್ಲಾಸ್ಟರ್, ನಾರಿಚ್ ಮೊದಲಾದ ಸಣ್ಣ ಊರುಗಳ ಅಂಥದೇ ಚಾಲಕರನ್ನೂ ಇಟ್ಟುಕೊಂಡು ಹೋಲಿಸಿ, ಉದ್ಯೋಗ ಒಂದೇ ಆದರೂ ಲಂಡನ್ನಿನವರಲ್ಲಿ ಎದೆರೋಗದ ಲಕ್ಷಣಗಳು ಹೆಚ್ಚೆಂದು 1965ರಲ್ಲಿ ತೋರಿಸಿದರು. ಪ್ರಶ್ನೆ ಒಂದೇ ಆಗಿಲ್ಲದಿದ್ದರೆ ಈ ಹೋಲಿಕೆಯೇ ಸಾಧ್ಯವಿರಲಿಲ್ಲ. ಯೂರೋಪಿನ ಕಲ್ಲಿದ್ದಲು ಮತ್ತು ಉಕ್ಕು ಸಮುದಾಯವು 1962ರಲ್ಲಿ ತನ್ನದೇ ಆವೃತ್ತಿಯನ್ನು ಮಾಡಿಕೊಂಡಿತು. ಅಮೆರಿಕದ ವಕ್ಷರೋಗ ಸಂಘದ ಪ್ರಶ್ನಾವಳಿ 1978ರಲ್ಲಿ ಬಂದಿತು. ಈ ವಂಶಾವಳಿಯನ್ನು ವಿಸ್ತರಿಸುವ ಅಗತ್ಯವಿಲ್ಲ.

ಆದರೆ ಪ್ರಶ್ನಾವಳಿಯನ್ನು ಕಟ್ಟಿದವರೇ ಅದರ ಒಂದು ದೊಡ್ಡ ಭರವಸೆಯನ್ನು ಮುರಿದರೆಂಬುದನ್ನು ಹೇಳದಿದ್ದರೆ ಚರಿತ್ರೆ ಅಪೂರ್ಣವಾದೀತು. ಬೆಳಗಿನ ಕಫವೇ ರೋಗದ ಮೊದಲ ಹೆಜ್ಜೆ, ಅದೇ ಬೆಳೆದು ಶ್ವಾಸನಾಳಗಳನ್ನು ಕಟ್ಟಿ ಮನುಷ್ಯನನ್ನು ಕೊಲ್ಲುತ್ತದೆ ಎಂಬುದು ಆಗಿನ ಬ್ರಿಟಿಷ್ ವೈದ್ಯರ ಊಹೆ. ಇದನ್ನು ಪರೀಕ್ಷಿಸಲು ಫ್ಲೆಚರ್ ಮತ್ತು ಸಂಗಡಿಗರು ಪಶ್ಚಿಮ ಲಂಡನ್ನಿನ ದುಡಿಯುವ ಗಂಡಸರ ಒಂದು ತಂಡವನ್ನು 1961ರಿಂದ ಎಂಟು ವರ್ಷ ಬೆಂಬತ್ತಿ, ಪ್ರಶ್ನಾವಳಿಯಿಂದ ಕೇಳಿ, ಕಫವನ್ನು ಅಳೆದು, ಮೊದಲ ಸೆಕೆಂಡಿನಲ್ಲಿ ಬಲವಾಗಿ ಹೊರಬಿಟ್ಟ ಉಸಿರಿನ ಪ್ರಮಾಣವನ್ನು ಮತ್ತೆ ಮತ್ತೆ ದಾಖಲಿಸಿದರು. 792 ಮಂದಿಯ ಲೆಕ್ಕಾಚಾರವುಳ್ಳ ಆ ಗ್ರಂಥವು 1976ರಲ್ಲಿ ಪ್ರಕಟವಾಯಿತು. ಸಂಖ್ಯಾಶಾಸ್ತ್ರದ ಭಾಗಕ್ಕೆ ರಿಚರ್ಡ್ ಪೀಟೊ ಹೊಣೆ. ಫಲಿತಾಂಶವು ಊಹೆಗೆ ವಿರುದ್ಧವಾಗಿತ್ತು. ಹೊಗೆ ಸೇದುವುದರಿಂದ ಕಫವೂ ಬರುತ್ತದೆ, ಉಸಿರಿನ ಪ್ರಮಾಣವೂ ಕುಗ್ಗುತ್ತದೆ. ಆದರೆ ಇವೆರಡೂ ಬಹುಮಟ್ಟಿಗೆ ಬೇರೆ ಬೇರೆ ದಾರಿಗಳು. ಕಫವಿದ್ದವನ ಉಸಿರು ಕುಗ್ಗಲೇಬೇಕೆಂದಿಲ್ಲ, ಕುಗ್ಗಿದವನಿಗೆ ಕಫವಿರಲೇಬೇಕೆಂದಿಲ್ಲ. ಸೇದುವುದನ್ನು ಬಿಟ್ಟರೆ ಕಳೆದುಕೊಂಡದ್ದು ಮರಳದಿದ್ದರೂ ಮುಂದಿನ ಇಳಿತವು ಸೇದದವನ ಮಟ್ಟಕ್ಕೆ ಬರುತ್ತದೆ. ಅಂದಿನಿಂದ ರೋಗದ ಲಕ್ಷಣ ನಿರ್ಣಯದಲ್ಲಿ ಶ್ವಾಸಮಾಪಕವು ಸಿಂಹಾಸನವೇರಿತು, ಪ್ರಶ್ನಾವಳಿ ಕೆಳಗಿಳಿಯಿತು. ಹದಿನೈದು ವರ್ಷ ತಾನೇ ಬೆಳೆಸಿದ ಸಾಧನದ ಮಿತಿಯನ್ನು ತನ್ನ ಕೈಯಿಂದಲೇ ಬರೆದ ಫ್ಲೆಚರ್ ಅವರ ಪ್ರಾಮಾಣಿಕತೆಯನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳು ಲಕ್ಷ್ಯದಲ್ಲಿಡಬೇಕು. (ಈ ಫಲಿತಾಂಶಕ್ಕೂ ಮುಂದಿನವರು ತಿದ್ದುಪಡಿಗಳನ್ನು ಸೂಚಿಸಿದ್ದಾರೆ, ಆ ವಾದ ಇಲ್ಲಿ ಬೇಡ.)

ಕೆಳಗಿಳಿದ ಪ್ರಶ್ನಾವಳಿ ಬೇರೊಂದು ಬಾಗಿಲಿನಿಂದ ಒಳಬಂದಿತು. ರೋಗವುಂಟೇ ಇಲ್ಲವೇ ಎಂದು ತಿಳಿಯುವುದಕ್ಕಾಗಿ ಅಲ್ಲ, ರೋಗವಿದ್ದವನು ಹೇಗೆ ಬಾಳುತ್ತಿದ್ದಾನೆ ಎಂದು ತಿಳಿಯುವುದಕ್ಕಾಗಿ. ಈ ತಿರುವಿಗೆ ಕಾರಣವಾದದ್ದು ಚಿಕಿತ್ಸೆಯ ಹೊಸ ಬಗೆಗಳು. ಮನೆಯಲ್ಲಿಯೇ ಆಮ್ಲಜನಕವನ್ನು ಕೊಡುವ ಚಿಕಿತ್ಸೆಯನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ, ಆಯುಷ್ಯದ ಜೊತೆಗೆ ಬಾಳಿನ ಗುಣವನ್ನೂ ನೋಡಬೇಕೆಂದು ಬಗೆದು, ಎಲ್ಲ ರೋಗಗಳಿಗೂ ಸಾಮಾನ್ಯವಾದ 136 ವಾಕ್ಯಗಳ ಒಂದು ಪ್ರಶ್ನಾವಳಿಯನ್ನು ಬಳಸಿದರು. 1982ರಲ್ಲಿ ಅದರ ವರದಿ ಬಂದಿತು. ಎಲ್ಲಕ್ಕೂ ಸಲ್ಲುವ ಅಂಗಿ ಯಾರಿಗೂ ಸರಿಯಾಗಿ ಹೊಂದದೆಂಬಂತೆ, ಎದೆರೋಗಿಯ ಸಣ್ಣ ಸುಧಾರಣೆಗಳು ಅಂಥ ಸಾಮಾನ್ಯ ಪಟ್ಟಿಯಲ್ಲಿ ಕಾಣುತ್ತಿರಲಿಲ್ಲ. ಕೆನಡಾ ದೇಶದ ಮಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಗಯಟ್ ಮತ್ತು ಸಂಗಡಿಗರು 1987ರಲ್ಲಿ ಎದೆರೋಗಕ್ಕೆ ಮೀಸಲಾದ 20 ಪ್ರಶ್ನೆಗಳ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಏದುಸಿರು, ದಣಿವು, ಮನಸ್ಸಿನ ಸ್ಥಿತಿ, ರೋಗವು ತನ್ನ ಹತೋಟಿಯಲ್ಲಿದೆಯೆಂಬ ಧೈರ್ಯ ಎಂದು ಅದರಲ್ಲಿ ನಾಲ್ಕು ಅಂಗಗಳು. ಏದುಸಿರು ಬರಿಸುವ ಐದು ಕೆಲಸಗಳನ್ನು ರೋಗಿಯೇ ತನ್ನ ಬಾಳಿನಿಂದ ಆರಿಸಿ ಹೇಳಬೇಕೆಂಬುದು ಅದರ ವೈಶಿಷ್ಟ್ಯ. ಒಬ್ಬನಿಗೆ ಅದು ತೋಟದ ಕೆಲಸವಾದರೆ ಇನ್ನೊಬ್ಬಳಿಗೆ ಹಾಸಿಗೆ ಹಾಸುವುದು. ಹೋಲಿಕೆಯ ಶಿಸ್ತಿಗೆ ಇದು ಭಂಗವೆಂದು ಆಕ್ಷೇಪಿಸಿದವರಿದ್ದಾರೆ. ಆ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ, ಆದರೂ 1960ರ ಪ್ರಶ್ನಾವಳಿಯ ಬಿಗಿಯನ್ನು ಕಂಡವರಿಗೆ ಇದು ಬಹು ಮಾನವೀಯವಾಗಿ ತೋರುತ್ತದೆ.

ಮರಳಿ ಲಂಡನ್ನಿಗೆ. ಅಲ್ಲಿಯ ಸೇಂಟ್ ಜಾರ್ಜ್ ಆಸ್ಪತ್ರೆಯ ವೈದ್ಯಶಾಲೆಯಲ್ಲಿ ಪಾಲ್ ಜೋನ್ಸ್ ಎಂಬವರು 1980ರ ದಶಕದಲ್ಲಿ ಕಟ್ಟಿದ ಪ್ರಶ್ನಾವಳಿ 1992ರಲ್ಲಿ ಪ್ರಕಟವಾಯಿತು. ಲಕ್ಷಣಗಳು, ಚಟುವಟಿಕೆಗಳು, ಬಾಳಿನ ಮೇಲಾದ ಪರಿಣಾಮಗಳು ಎಂದು ಮೂರು ಭಾಗ, ಒಟ್ಟು 50 ಪ್ರಶ್ನೆ. ಪೂರ್ಣ ಆರೋಗ್ಯಕ್ಕೆ 0, ಅತ್ಯಂತ ಕೆಟ್ಟ ಸ್ಥಿತಿಗೆ 100. ಕೆಮ್ಮು ನಾಲ್ಕು ಜನರ ಮುಂದೆ ನಾಚಿಕೆ ತರುತ್ತದೆಯೇ, ತಾನು ಮನೆಯವರಿಗೂ ನೆರೆಯವರಿಗೂ ಹೊರೆಯೆನಿಸುತ್ತದೆಯೇ ಎಂಬಂಥ ಪ್ರಶ್ನೆಗಳೂ ಅದರಲ್ಲಿವೆ. ಪ್ರತಿ ಉತ್ತರಕ್ಕೂ ಬೇರೆ ಬೇರೆ ತೂಕ. ಆ ತೂಕವನ್ನು ವೈದ್ಯರು ಮನಬಂದಂತೆ ಕೊಟ್ಟದ್ದಲ್ಲ, ಪ್ರತಿಯೊಂದು ಸಂಗತಿಯೂ ಎಷ್ಟು ದುಃಖಕರವೆಂದು ಆರು ದೇಶಗಳ ರೋಗಿಗಳನ್ನು ಕೇಳಿ ನಿರ್ಣಯಿಸಿದ್ದು. ದೇಶ, ವಯಸ್ಸು, ಲಿಂಗ ಬೇರೆಯಾದರೂ ಈ ತೂಕಗಳು ಹೆಚ್ಚು ವ್ಯತ್ಯಾಸವಾಗಲಿಲ್ಲವೆಂಬುದು ಆಶ್ಚರ್ಯಕರವಾದ ಸಂಗತಿ. 100ರಲ್ಲಿ 4 ಅಂಕಗಳ ಬದಲಾವಣೆಯಾದರೆ ರೋಗಿಗೂ ವೈದ್ಯನಿಗೂ ಗಮನಾರ್ಹವೆಂದು ರೂಢಿಯಾಯಿತು. ಈ ನಾಲ್ಕರ ಗೆರೆಯನ್ನು ಇಂದು ಕೆಲವರು ಶಾಸ್ತ್ರವಾಕ್ಯದಂತೆ ಉಲ್ಲೇಖಿಸುತ್ತಾರೆ. ಅದು ಸಮೂಹದ ಸರಾಸರಿಗಳನ್ನು ತೂಗುವುದಕ್ಕೆ ಒಂದು ಅಂದಾಜು. ಎದುರಿಗೆ ಕುಳಿತ ಒಬ್ಬ ರೋಗಿಯ ಮೇಲೆ ಅದನ್ನು ಹೊರಿಸುವುದು ಉಚಿತವೆಂದು ನನಗೆ ತೋರುವುದಿಲ್ಲ.

ಇಷ್ಟಾದರೂ ಹಳೆಯ ಸಂಶಯ ಸತ್ತಿರಲಿಲ್ಲ. ಶ್ವಾಸಮಾಪಕದ ಅಂಕೆಗೂ ಪ್ರಶ್ನಾವಳಿಯ ಅಂಕೆಗೂ ನಂಟು ದುರ್ಬಲವೆಂದು ಪ್ರತಿಯೊಂದು ಅಧ್ಯಯನದಲ್ಲಿಯೂ ಕಂಡುಬರುತ್ತಿತ್ತು. ಯಂತ್ರವನ್ನು ನಂಬಿದವರು ಇದರಿಂದ ಪ್ರಶ್ನಾವಳಿ ಸುಳ್ಳೆಂದು ತೀರ್ಮಾನಿಸಿದರು. ಇನ್ನೊಂದು ತೀರ್ಮಾನವೂ ಸಾಧ್ಯವಿತ್ತು, ಎರಡೂ ಬೇರೆ ಬೇರೆ ಸಂಗತಿಗಳನ್ನು ಅಳೆಯುತ್ತಿವೆಯೆಂದು. ಯಾವುದು ಸರಿಯೆಂಬುದಕ್ಕೆ ಉತ್ತರ ಸಾವಿನ ಲೆಕ್ಕದಲ್ಲಿ ದೊರೆಯಿತು. ಜಪಾನಿನ ನಿಶಿಮುರ ಮತ್ತು ಸಂಗಡಿಗರು ರೋಗಿಗಳನ್ನು ಐದು ವರ್ಷ ಅನುಸರಿಸಿ, ಯಾರು ಬದುಕುಳಿಯುತ್ತಾರೆಂಬುದನ್ನು ಹೇಳುವಲ್ಲಿ ಶ್ವಾಸಮಾಪಕಕ್ಕಿಂತ ಏದುಸಿರಿನ ಐದು ಮೆಟ್ಟಿಲುಗಳೇ ಮೇಲೆಂದು 2002ರಲ್ಲಿ ತೋರಿಸಿದರು. ಎರಡು ವರ್ಷದ ತರುವಾಯ ಸೆಲ್ಲಿ ಮೊದಲಾದವರು ದೇಹದ ತೂಕ, ಶ್ವಾಸಮಾಪನ, ಏದುಸಿರು, ಆರು ನಿಮಿಷದ ನಡಿಗೆ ಇವು ನಾಲ್ಕನ್ನೂ ಕೂಡಿಸಿ ಮಾಡಿದ ಸೂಚಿಯಲ್ಲಿ ವೇಲ್ಸಿನ ಗಣಿಗಾರರ ಶ್ರೇಣಿಗೆ ಯಂತ್ರದ ಪಕ್ಕದಲ್ಲಿಯೇ ಸ್ಥಾನ ಸಿಕ್ಕಿತು. ಅದಕ್ಕೂ ಮೊದಲು, 2000ದಲ್ಲಿ, 751 ರೋಗಿಗಳ ಮೇಲೆ ಮೂರು ವರ್ಷ ನಡೆದ ಒಂದು ಬ್ರಿಟಿಷ್ ಪ್ರಯೋಗವು ಸೇದಿಕೊಳ್ಳುವ ಸ್ಟೀರಾಯ್ಡ್ ಔಷಧವು ಉಸಿರಿನ ಪ್ರಮಾಣದ ಇಳಿತವನ್ನು ತಡೆಯಲಿಲ್ಲವೆಂದೂ, ಆದರೆ ಸೇಂಟ್ ಜಾರ್ಜ್ ಪ್ರಶ್ನಾವಳಿಯ ಅಂಕ ವರ್ಷಕ್ಕೆ 3.2ರಂತೆ ಕೆಡುತ್ತಿದ್ದುದನ್ನು 2.0ಕ್ಕೆ ಇಳಿಸಿತೆಂದೂ ವರದಿ ಮಾಡಿತ್ತು. ಯಂತ್ರವೊಂದನ್ನೇ ಕೇಳಿದ್ದರೆ ಔಷಧ ನಿಷ್ಫಲವೆಂದು ಬರೆದು ಮುಗಿಸುತ್ತಿದ್ದರು.

ಐವತ್ತು ಪ್ರಶ್ನೆಗಳ ಪಟ್ಟಿಯನ್ನು ತುಂಬಿರುವ ಹೊರರೋಗಿ ವಿಭಾಗದಲ್ಲಿ ಬಳಸುವುದು ಕಷ್ಟ. ಆದುದರಿಂದ ಜೋನ್ಸ್ ಅವರೇ ಸಂಗಡಿಗರೊಡನೆ 2009ರಲ್ಲಿ ಎಂಟು ಪ್ರಶ್ನೆಗಳ ಚಿಕ್ಕ ಪಟ್ಟಿಯನ್ನು ಮಾಡಿದರು. ಪ್ರತಿಯೊಂದಕ್ಕೆ 0ಯಿಂದ 5, ಒಟ್ಟು 40. 2011ರಲ್ಲಿ ಈ ರೋಗದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಚಿಕಿತ್ಸೆಯ ನಿರ್ಧಾರದಲ್ಲಿ ರೋಗಿಯ ಲಕ್ಷಣಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು: ಏದುಸಿರಿನ ಶ್ರೇಣಿಯಲ್ಲಿ 2 ಅಥವಾ ಮೇಲೆ, ಇಲ್ಲವೇ ಚಿಕ್ಕ ಪಟ್ಟಿಯಲ್ಲಿ 10 ಅಥವಾ ಮೇಲೆ ಇದ್ದವರು ಹೆಚ್ಚು ಲಕ್ಷಣಗಳುಳ್ಳವರು. (ಈ ನವೀನ ರೂಪದಲ್ಲಿ ಮೆಟ್ಟಿಲುಗಳನ್ನು 1ರಿಂದ 5 ಎನ್ನದೆ 0ಯಿಂದ 4 ಎಂದು ಎಣಿಸುತ್ತಾರೆ, ಎರಡು ಎಣಿಕೆಗಳನ್ನು ಬೆರೆಸಿ ಗೊಂದಲ ಮಾಡಿಕೊಂಡ ಲೇಖನಗಳು ಕಡಿಮೆಯಿಲ್ಲ.) ಈ ‘ಇಲ್ಲವೇ’ ಎಂಬ ಒಂದು ಪದ ದೊಡ್ಡ ಚರ್ಚೆಗೆ ಎಡೆಮಾಡಿತು. ಒಬ್ಬನೇ ರೋಗಿ ಒಂದು ಅಳತೆಯಲ್ಲಿ ಹಗುರ, ಇನ್ನೊಂದರಲ್ಲಿ ಭಾರ ಎನಿಸಿಕೊಳ್ಳುವುದು ಮತ್ತೆ ಮತ್ತೆ ಕಂಡುಬಂದಿದೆ. ಒಂದು ನಡಿಗೆಯನ್ನು ಮಾತ್ರ ಕೇಳುತ್ತದೆ, ಇನ್ನೊಂದು ನಿದ್ರೆ, ಕಫ, ಚೈತನ್ಯಗಳನ್ನೂ ಕೇಳುತ್ತದೆ. ಎರಡೂ ಒಂದೇ ಆಗಬೇಕೆಂದು ಬಯಸಿದ್ದೇ ತಪ್ಪು.

ಭಾರತದಲ್ಲಿ ಈ ವಿಷಯ ಬೇರೊಂದು ಬಣ್ಣ ತಾಳುತ್ತದೆ. ಇಲ್ಲಿ ರೋಗಕ್ಕೆ ಕಾರಣ ಬೀಡಿ ಸಿಗರೇಟು ಮಾತ್ರವಲ್ಲ, ಅಡುಗೆಮನೆಯ ಒಲೆಯೂ ಹೌದು. ದೆಹಲಿಯಲ್ಲಿ ಪದ್ಮಾವತಿ ಅವರು 1950ರ ದಶಕದಲ್ಲಿಯೇ, ಶ್ವಾಸಕೋಶರೋಗದಿಂದ ಹೃದಯ ಕೆಡುವ ಸ್ಥಿತಿಯು ಹೊಗೆ ಸೇದದ ಹೆಂಗಸರಲ್ಲಿಯೂ ಹೆಚ್ಚಾಗಿರುವುದನ್ನು ಗಮನಿಸಿ ಒಲೆಯ ಹೊಗೆಯತ್ತ ಬೊಟ್ಟುಮಾಡಿದ್ದರು. 2006ರಲ್ಲಿ ಜಿಂದಾಲ್ ಮತ್ತು ಸಂಗಡಿಗರು ಚಂಡೀಗಢ, ದೆಹಲಿ, ಕಾನ್ಪುರ, ಬೆಂಗಳೂರು ಈ ನಾಲ್ಕು ಕಡೆ 35,295 ವಯಸ್ಕರನ್ನು ಪ್ರಶ್ನಾವಳಿಯಿಂದ ಕೇಳಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 4.1ರಷ್ಟು ಜನರಲ್ಲಿ ರೋಗ ಕಂಡುಬಂದಿತು. ಮೈಸೂರಿನ ವೈದ್ಯರು ಇನ್ನೂ ಮೂಲಭೂತವಾದ ಕೆಲಸಕ್ಕೆ ಕೈಹಾಕಿದರು: ಸುತ್ತಲಿನ ಹಳ್ಳಿಗಳಲ್ಲಿ ಈ ರೋಗದ ಪ್ರಶ್ನಾವಳಿಯೊಂದು ನಿಜವಾಗಿಯೂ ಅಳೆಯಬೇಕಾದುದನ್ನು ಅಳೆಯುತ್ತದೆಯೇ ಎಂಬ ಪರೀಕ್ಷೆ. 2009ರಲ್ಲಿ ಅದು ಪ್ರಕಟವಾಯಿತು. ಬೇರೆಡೆ ಹುಟ್ಟಿದ ಪ್ರಶ್ನೆಯನ್ನು ಹಾಗೆಯೇ ತಂದು ಕೇಳಿದರೆ ಸಾಲದೆಂಬ ಅರಿವು ಅದರಲ್ಲಿದೆ.

ಯಾಕೆ ಸಾಲದು? ಭಾಷಾಂತರದ ತೊಡಕು ಕೇವಲ ಪದಕೋಶದ್ದಲ್ಲ. ‘ಉಬ್ಬಸ’ ಎಂಬುದು ಕನ್ನಡದಲ್ಲಿ ಲಕ್ಷಣದ ಹೆಸರೂ ಹೌದು, ರೋಗದ ಹೆಸರೂ ಹೌದು. ‘ನಿಮಗೆ ಉಬ್ಬಸವಿದೆಯೇ’ ಎಂದರೆ ವೈದ್ಯನು ಹಿಂದೆ ರೋಗವುಂಟೆಂದು ಹೇಳಿದ್ದನೇ ಎಂದು ಕೇಳಿದಂತಾಗಿ, ನಿತ್ಯ ಏದುವವನೂ ‘ಇಲ್ಲ’ ಎಂದಾನು. ‘ದಮ್ಮು’ ಎಂದರೆ ಉಸಿರು, ಉಸಿರಿನ ರೋಗ, ತ್ರಾಣ, ಮೇಲಾಗಿ ಬೀಡಿಯ ಒಂದು ಎಳೆತ. ದಮ್ಮು ಎಳೆದು ದಮ್ಮು ಹತ್ತಿಸಿಕೊಂಡವನನ್ನು ಅದೇ ಪದದಿಂದ ಎರಡು ಪ್ರಶ್ನೆ ಕೇಳಬೇಕಾದ ಪ್ರಸಂಗ ಹಳ್ಳಿಯಲ್ಲಿ ಬಂದೀತು. ಎದೆಯ ಸಿಳ್ಳುಸದ್ದಿಗೆ ಒಂದೇ ಒಪ್ಪಿದ ಮಾತಿಲ್ಲ. ಗೊರಗೊರ ಎನ್ನುವವರೂ ಸುಂಯ್ ಎನ್ನುವವರೂ ಒಂದೇ ಊರಿನಲ್ಲಿ ಇರುತ್ತಾರೆ, ಎರಡೂ ಒಂದೇ ಸದ್ದಲ್ಲ. ಕಾಲದ ಲೆಕ್ಕವೂ ಹಾಗೆಯೇ. ‘ಚಳಿಗಾಲದಲ್ಲಿ ಮೂರು ತಿಂಗಳು’ ಎಂಬ ಅಳತೆ ಲಂಡನ್ನಿಗೆ ಸಹಜ. ಮಲೆನಾಡಿನವನಿಗೆ ಕೆಮ್ಮು ಹೆಚ್ಚುವುದು ಮಳೆಗಾಲದಲ್ಲಿ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಎಂದೋ, ಆರಿದ್ರೆಯ ಮಳೆ ಹಿಡಿದಾಗಿನಿಂದ ನವರಾತ್ರಿಯವರೆಗೆ ಎಂದೋ ಕೇಳಿದರೆ ನೆನಪು ಬೇಗ ಒದಗುತ್ತದೆ. ಆದರೆ ಆಗ ಅದು 1960ರ ಪ್ರಶ್ನೆಯಾಗಿ ಉಳಿಯಿತೇ ಎಂಬ ಸಂದೇಹ ತಲೆಯೆತ್ತುತ್ತದೆ; ಅಚ್ಚಾದಂತೆಯೇ ಓದಬೇಕೆಂಬ ನಿಯಮವಿದೆಯಲ್ಲ.

ಏದುಸಿರಿನ ಶ್ರೇಣಿಯಲ್ಲಿಯೂ ಒಂದು ಅಡಗಿದ ಊಹೆಯಿದೆ. ‘ನಿಮ್ಮ ವಯಸ್ಸಿನವರ ಜೊತೆಗೆ ಸಮನೆಲದಲ್ಲಿ ನಡೆಯುವಾಗ’ ಎಂಬ ಮಾತು, ಸಂಜೆ ಗೆಳೆಯರೊಡನೆ ಹೊರಗೆ ಹೋಗುವ ಗಂಡಸನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ನಮ್ಮ ಹಳ್ಳಿಯ ಹಿರಿಯ ಹೆಂಗಸು ಒಂದು ಮೈಲಿ ದೂರ ಎಡೆಬಿಡದೆ ನಡೆಯುವ ಸಂದರ್ಭವೇ ಅಪರೂಪವಾಗಿರಬಹುದು. ಅವಳ ಏದುಸಿರು ತೋರುವುದು ತಲೆಯ ಮೇಲೆ ನೀರಿನ ಕೊಡ ಹೊತ್ತಾಗ, ಕಲ್ಲಿನ ಮೇಲೆ ಬಟ್ಟೆ ಒಗೆಯುವಾಗ, ಬಗ್ಗಿ ಅಂಗಳ ಗುಡಿಸಿ ಸಾರಿಸುವಾಗ, ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಕೊಳವೆ ಊದುವಾಗ. ಕೊಳವೆ ಊದುವುದು ಎಂದರೆ ಹಚಿನ್‌ಸನ್ನನ ಯಂತ್ರಕ್ಕೆ ಬಲವಾಗಿ ಉಸಿರೂದುವುದಕ್ಕೆ ಬಹು ಸಮೀಪದ ಕ್ರಿಯೆ. ಒಂದೇ ಊದಿಗೆ ಒಲೆ ಹೊತ್ತುತ್ತದೆಯೇ, ಈಗ ಸೊಸೆಯನ್ನು ಕರೆಯಬೇಕಾಗಿದೆಯೇ ಎಂದು ಕೇಳಿದರೆ ಅವಳು ಕೊಡುವ ಉತ್ತರವನ್ನು ಯಾವ ಮೆಟ್ಟಿಲಿನಲ್ಲಿ ಇಡಬೇಕೆಂಬುದನ್ನು ಕನ್ನಡದಲ್ಲಿಯೇ ಪ್ರಶ್ನಾವಳಿ ರಚಿಸಲು ಹೊರಡುವವರು ನಿರ್ಣಯಿಸಬೇಕಾಗಿದೆ.